ಸಪೋರ್ಟ್ ಮುಗಿಯಿತು, ಲೆಕ್ಕ ಮುಗಿಯಲಿಲ್ಲ

ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಸಹಕಾರ ಸಂಘದ ವಾರ್ಷಿಕ ವರದಿ ಅಚ್ಚು ಹಾಕುವ ಎಷ್ಟೋ ಮುದ್ರಣಾಲಯಗಳಲ್ಲಿ ಇವತ್ತಿಗೂ ಮೂಲೆಯ ಮೇಜಿನ ಮೇಲೊಂದು ಹಳೇ ಕಂಪ್ಯೂಟರ್ ಉಳಿದುಕೊಂಡಿದೆ. ಅದಕ್ಕೆ ಇಂಟರ್ನೆಟ್ ಇಲ್ಲ. ಕೊಡಬೇಡಿ ಎಂದು ರಿಪೇರಿಗೆ ಬರುವ ಹುಡುಗನೇ ಹೇಳಿ ಹೋಗಿರುತ್ತಾನೆ. ಆನ್ ಮಾಡಿದರೆ ವಿಂಡೋಸ್ ಎಕ್ಸ್‌ಪಿ, ಅದರೊಳಗೆ ಪೇಜ್‌ಮೇಕರ್ 7, ಅದರೊಳಗೆ ನುಡಿಯೋ ಶ್ರೀಲಿಪಿಯೋ ಫಾಂಟು. ಇಪ್ಪತ್ತು ವರ್ಷಗಳ ಕೆಲಸವೆಲ್ಲ ಆ ಪೆಟ್ಟಿಗೆಯಲ್ಲೇ ಇದೆ. ಹಾರ್ಡ್‌ಡಿಸ್ಕ್ ಸದ್ದು ಮಾಡಿದ ದಿನ ಮಾಲೀಕರಿಗೆ ಊಟ ಸೇರುವುದಿಲ್ಲ.

ಪೇಜ್‌ಮೇಕರ್ ಅನ್ನು 1985ರಲ್ಲಿ ತಂದದ್ದು ಆಲ್ಡಸ್ ಎಂಬ ಅಮೆರಿಕದ ಕಂಪನಿ. 1994ರಲ್ಲಿ ಅಡೋಬಿ ಅದನ್ನು ಕೊಂಡಿತು. 1999ರಲ್ಲಿ ತನ್ನದೇ ಇನ್‌ಡಿಸೈನ್ ಬಿಡುಗಡೆ ಮಾಡಿತು. 2001ರಲ್ಲಿ ಬಂದ ಏಳನೇ ಆವೃತ್ತಿಯ ನಂತರ ಹೊಸ ಪೇಜ್‌ಮೇಕರ್ ಬರಲೇ ಇಲ್ಲ. ಕನ್ನಡದ ಡಿಟಿಪಿ ಮಂದಿ ಮಾತ್ರ ಅಲ್ಲಿಂದ ಕದಲಲಿಲ್ಲ. ಅದಕ್ಕೆ ಸೋಮಾರಿತನವೊಂದೇ ಕಾರಣವಲ್ಲ. ಆಗಿನ ಕನ್ನಡ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ್ದವು. ನುಡಿಯಲ್ಲಿ ‘ಕನ್ನಡ’ ಎಂದು ಬೆರಳಚ್ಚಿಸಿದ್ದನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದು ನೋಡಿ: ಮೊದಲು ಇಂಗ್ಲಿಷಿನ ಪಿ, ನಂತರ ತಲೆಯ ಮೇಲೆ ಗೀರಿರುವ ಎ, ಆಮೇಲೆ ಪೌಂಡಿನ ಚಿಹ್ನೆ, ಇನ್ನೊಂದು ಗೀರು ಹೊತ್ತ ಎ, ಜರ್ಮನ್ನರ ಜೋಡಿ ಎಸ್, ಕೊನೆಗೊಂದು ಕ್ಯೂ ಮತ್ತು ಮತ್ತೊಂದು ಎ. ಕಂಪ್ಯೂಟರಿನ ಮಟ್ಟಿಗೆ ಅಲ್ಲಿ ಕನ್ನಡವೇ ಇಲ್ಲ.

ಇನ್‌ಡಿಸೈನ್‌ನಲ್ಲಿ ಕನ್ನಡವನ್ನು ಕನ್ನಡವಾಗಿಯೇ ಗುರುತಿಸುವ ಯೂನಿಕೋಡ್ ಪಠ್ಯ ಒಡೆಯದೆ ಕೂಡಿಕೊಳ್ಳುವ ಏರ್ಪಾಡು ಬಂದದ್ದು 2012ರ ಸಿಎಸ್6 ಆವೃತ್ತಿಯಲ್ಲಿ. ಮರುವರ್ಷ ಬಂದ ಸಿಸಿ ಆವೃತ್ತಿಯಿಂದ ಪೇಜ್‌ಮೇಕರ್ ಕಡತ ತೆರೆಯುವ ಸೌಲಭ್ಯವನ್ನೇ ಅಡೋಬಿ ತೆಗೆದುಹಾಕಿತು. ಹಳೆಯದನ್ನು ತೆರೆಯಲೂ ಹೊಸ ಕನ್ನಡವನ್ನು ಜೋಡಿಸಲೂ ಬರುತ್ತಿದ್ದ ಆವೃತ್ತಿ ಸಿಎಸ್6 ಒಂದೇ. ಆ ಒಂದು ವರ್ಷದಲ್ಲಿ ದಾಟಿದವರು ದಾಟಿದರು. ಉಳಿದವರಿಗೆ ಹೀಗೊಂದು ಅವಕಾಶ ಬಂದು ಹೋಯಿತೆಂಬುದೂ ತಿಳಿಯಲಿಲ್ಲ.

ತಂತ್ರಾಂಶಕ್ಕೆ ಕಂಪನಿಯ ಬೆಂಬಲ ನಿಲ್ಲುವುದೆಂದರೆ ಏನು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ. ಅಂಗಡಿಯ ಬಿಲ್ಲಿಂಗ್, ಕಾರ್ಖಾನೆಯ ಸ್ಟಾಕು, ಆಸ್ಪತ್ರೆಯ ಕೇಸ್‌ಶೀಟು, ಸಂಘದ ಸಾಲದ ಖಾತೆ, ಎಲ್ಲವೂ ಈಗ ಯಾವುದೋ ಕಂಪನಿಯ ತಂತ್ರಾಂಶದೊಳಗಿವೆ. ಆ ತಂತ್ರಾಂಶಕ್ಕೆ ಒಂದು ಕೊನೆಯ ದಿನಾಂಕ ಇದ್ದೇ ಇರುತ್ತದೆ. ನಮ್ಮ ಲೆಕ್ಕಪತ್ರ ಅದಕ್ಕಿಂತ ಹೆಚ್ಚು ಕಾಲ ಬಾಳಬೇಕು. ಈ ಎರಡರ ನಡುವಿನ ಅಂತರವನ್ನು ಯಾರು ತುಂಬುತ್ತಾರೆ ಎಂಬ ಪ್ರಶ್ನೆಯನ್ನು ಕೊಳ್ಳುವ ದಿನವೇ ಕೇಳಬೇಕು. ನಮ್ಮಲ್ಲಿ ಅದನ್ನು ಕೇಳುವುದು ಕೆಟ್ಟು ನಿಂತ ದಿನ.

ನಿಲ್ಲುವುದು ಯಾವುದು?

ಸಪೋರ್ಟ್ ಮುಗಿದ ಮರುದಿನ ಬೆಳಿಗ್ಗೆ ಕಂಪ್ಯೂಟರ್ ಎಂದಿನಂತೆ ಆನ್ ಆಗುತ್ತದೆ, ಬಿಲ್ ಬರುತ್ತದೆ, ಪ್ರಿಂಟ್ ಬೀಳುತ್ತದೆ. ಮೋಸ ಹೋಗುವುದೇ ಇಲ್ಲಿ. ‘ನಡೀತಾ ಇದೆಯಲ್ಲ, ಸುಮ್ನೆ ಯಾಕೆ ಕೈ ಹಾಕ್ಬೇಕು’ ಎಂಬ ಮಾತು ಅಂದಿನಿಂದ ಇನ್ನಷ್ಟು ನಿಜವೆನಿಸುತ್ತದೆ.

ನಿಂತಿರುವುದು ದುರಸ್ತಿ. ವಿಂಡೋಸ್‌ನಂಥ ತಂತ್ರಾಂಶದಲ್ಲಿ ಕೋಟ್ಯಂತರ ಸಾಲುಗಳ ಕೋಡ್ ಇರುತ್ತದೆ. ಅದರಲ್ಲಿನ ಹುಳುಕುಗಳು ಬಿಡುಗಡೆಯಾದ ಎಷ್ಟೋ ವರ್ಷಗಳ ನಂತರವೂ ಹೊರಬೀಳುತ್ತಲೇ ಇರುತ್ತವೆ. ಮೈಕ್ರೊಸಾಫ್ಟ್ ಪ್ರತಿ ತಿಂಗಳ ಎರಡನೇ ಮಂಗಳವಾರ ಅವುಗಳಿಗೆ ಪ್ಯಾಚ್ ಬಿಡುಗಡೆ ಮಾಡುತ್ತದೆ. ಹೊಸ ಆವೃತ್ತಿಗೆ ಬಂದ ಪ್ಯಾಚನ್ನು ಬಿಡಿಸಿ ನೋಡಿದರೆ ಹುಳುಕು ಎಲ್ಲಿತ್ತೆಂದು ಹ್ಯಾಕರ್‌ಗೆ ತಿಳಿಯುತ್ತದೆ. ಒಬ್ಬನೇ ಮೇಸ್ತ್ರಿ ಕಟ್ಟಿದ ಎರಡು ಮನೆಗಳಲ್ಲಿ ಒಂದರ ಹಿತ್ತಲ ಬಾಗಿಲ ಚಿಲಕ ಸರಿಮಾಡಿಸಿದ್ದು ಊರಿಗೆಲ್ಲ ತಿಳಿದರೆ, ಇನ್ನೊಂದು ಮನೆಯ ಚಿಲಕವೂ ಸಡಿಲವೇ ಇರಬೇಕೆಂದು ಕಳ್ಳನಿಗೆ ಹೊಳೆಯದೆ ಇರುತ್ತದೆಯೇ? ಸಪೋರ್ಟ್ ಮುಗಿದ ಆವೃತ್ತಿ ಆ ಎರಡನೇ ಮನೆ.

ಎರಡನೆಯದು, ಸುತ್ತಲಿನವರು ಮುಂದೆ ಹೋಗುತ್ತಾರೆ. ಹೊಸ ಪ್ರಿಂಟರಿಗೆ ಹಳೇ ವಿಂಡೋಸಿನ ಡ್ರೈವರ್ ಸಿಗುವುದಿಲ್ಲ. ಬ್ಯಾಂಕಿನ ಜಾಲತಾಣ ಹಳೇ ಬ್ರೌಸರಿನಲ್ಲಿ ತೆರೆಯುವುದಿಲ್ಲ. ತೆರಿಗೆ ನಿಯಮ ಬದಲಾಗುತ್ತದೆ, ತಂತ್ರಾಂಶಕ್ಕೆ ಅದು ಗೊತ್ತಿರುವುದಿಲ್ಲ. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂದಾಗ ನಾಡಿನ ಸಾವಿರಾರು ಅಂಗಡಿಗಳ ಹಳೇ ಬಿಲ್ಲಿಂಗ್ ಪ್ರೋಗ್ರಾಮುಗಳು ಒಂದೇ ರಾತ್ರಿಯಲ್ಲಿ ಕೆಲಸಕ್ಕೆ ಬಾರದಾದವು. ಅವುಗಳಲ್ಲಿ ದೋಷವೇನೂ ಇರಲಿಲ್ಲ. ವ್ಯಾಟ್ ಕಾಲದಲ್ಲೇ ನಿಂತುಹೋಗಿದ್ದವು, ಅಷ್ಟೆ. ಬೆಂಗಳೂರಿನದೇ ಆದ ಟ್ಯಾಲಿಯಂಥ ಕಂಪನಿ ಹೊಸ ಬಿಡುಗಡೆ ಕೊಟ್ಟಿತು, ಚಂದಾ ಕಟ್ಟಿದವರು ದಾಟಿಕೊಂಡರು. ಊರಿನ ಯಾರೋ ಬರೆದುಕೊಟ್ಟ ಪ್ರೋಗ್ರಾಮನ್ನು ನಂಬಿದ್ದವರು ಕೈಬರಹದ ಬಿಲ್ ಪುಸ್ತಕ ತೆಗೆದರು.

ಎಟಿಎಂಗೆ ಬಿದ್ದ ಗಡುವು

ವಿಂಡೋಸ್ ಎಕ್ಸ್‌ಪಿ ಬಂದದ್ದು 2001ರ ಅಕ್ಟೋಬರ್ 25ರಂದು. ಅದರ ಸಪೋರ್ಟ್ ಮುಗಿದದ್ದು 2014ರ ಏಪ್ರಿಲ್ 8ರಂದು. ದಿನಾಂಕವನ್ನು ಮೈಕ್ರೊಸಾಫ್ಟ್ ವರ್ಷಗಳ ಮೊದಲೇ ಪ್ರಕಟಿಸಿತ್ತು. ಆದರೂ ನಮ್ಮ ದೇಶದ ಎಟಿಎಂಗಳ ಒಳಗೆ ಎಕ್ಸ್‌ಪಿ ಓಡುತ್ತಲೇ ಇತ್ತು. ನಾವು ಕಾರ್ಡ್ ತೂರಿಸಿ, ಪಿನ್ ಒತ್ತಿ, ಹಣ ಎಣಿಸಿಕೊಂಡು ಹೊರಡುತ್ತಿದ್ದ ಯಂತ್ರಗಳಿಗೆ ಕಾವಲೇ ಇರಲಿಲ್ಲ.

ರಿಸರ್ವ್ ಬ್ಯಾಂಕ್ 2017ರ ಏಪ್ರಿಲ್‌ನಲ್ಲಿ ಬ್ಯಾಂಕುಗಳಿಗೆ ಗೋಪ್ಯ ಸುತ್ತೋಲೆ ಕಳಿಸಿ ಎಚ್ಚರಿಸಿತು. ಕೆಲಸ ಕುಂಟಿತು. 2018ರ ಜೂನ್ 21ರಂದು ಇನ್ನೊಂದು ಸುತ್ತೋಲೆ ಬಂತು. ಈ ಸಲ ಬಾಯಿಮಾತಿನ ಬುದ್ಧಿವಾದ ಇರಲಿಲ್ಲ, ಕಂತುಗಳ ಗಡುವು ಇತ್ತು. ಸಪೋರ್ಟ್ ಇರುವ ಆವೃತ್ತಿಗೆ 2018ರ ಸೆಪ್ಟೆಂಬರ್ ಒಳಗೆ ಕನಿಷ್ಠ ಶೇ 25ರಷ್ಟು ಎಟಿಎಂಗಳು, ಡಿಸೆಂಬರ್ ಒಳಗೆ ಶೇ 50, 2019ರ ಮಾರ್ಚ್ ಒಳಗೆ ಶೇ 75, ಜೂನ್ ಹೊತ್ತಿಗೆ ಎಲ್ಲವೂ ಬದಲಾಗಬೇಕು. ಗೊತ್ತಿದ್ದ ದಿನಾಂಕ ಕಳೆದು ಐದು ವರ್ಷವಾದ ಮೇಲೆ ಮುಗಿಯಬೇಕಾದ ಕೆಲಸ ಇದು.

ಈ ಸುತ್ತೋಲೆಯಲ್ಲಿ ಕಲಿಯಬೇಕಾದ ಪಾಠವೊಂದಿದೆ. ‘ಆದಷ್ಟು ಬೇಗ ಬದಲಿಸಿ’ ಎಂದಾಗ ಆಗದ ಕೆಲಸ, ಕಾಲು, ಅರ್ಧ, ಮುಕ್ಕಾಲು ಎಂದು ಭಾಗ ಮಾಡಿ, ಪ್ರತಿ ಭಾಗಕ್ಕೊಂದು ಗಡುವು ಕೊಟ್ಟಾಗ ಮುಂದೆ ಸಾಗುತ್ತದೆ. ಆಮೇಲೆ ರಿಸರ್ವ್ ಬ್ಯಾಂಕ್ ಮುಂಚಿತ ತಯಾರಿಯನ್ನೇ ನಿಯಮ ಮಾಡಿತು. 2023ರ ನವೆಂಬರ್ 7ರಂದು ಹೊರಟು 2024ರ ಏಪ್ರಿಲ್ 1ರಿಂದ ಜಾರಿಯಾದ ಐಟಿ ಆಡಳಿತದ ನಿರ್ದೇಶನದ ಪ್ರಕಾರ, ಬ್ಯಾಂಕುಗಳೂ ದೊಡ್ಡ ಹಣಕಾಸು ಸಂಸ್ಥೆಗಳೂ ತಮ್ಮ ಪ್ರತಿ ತಂತ್ರಾಂಶದ ಸಪೋರ್ಟ್ ಮುಗಿಯುವ ದಿನಾಂಕದ ಮೇಲೆ ಸದಾ ಕಣ್ಣಿಟ್ಟಿರಬೇಕು, ಆ ದಿನಕ್ಕೆ ಮೊದಲೇ ಬದಲಾವಣೆಯ ಯೋಜನೆ ಸಿದ್ಧವಿರಬೇಕು. ಅಂಗಡಿಗೂ ಸಂಘಕ್ಕೂ ಇಂಥ ಕಾನೂನು ಇಲ್ಲ. ಅಪಾಯ ಮಾತ್ರ ಅದೇ.

ಪ್ಯಾಚ್ ಇತ್ತು, ಹಾಕಿರಲಿಲ್ಲ

2017ರ ಮೇ 12ರ ಶುಕ್ರವಾರ ವನ್ನಾಕ್ರೈ ಎಂಬ ಕುತಂತ್ರಾಂಶ ಜಗತ್ತಿನ ಕಂಪ್ಯೂಟರುಗಳಿಗೆ ಬೀಗ ಹಾಕಿ ಒತ್ತೆಹಣ ಕೇಳತೊಡಗಿತು. ಅದು ಬಳಸಿದ ಹುಳುಕನ್ನು ಪತ್ತೆಮಾಡಿ ಗುಟ್ಟಾಗಿ ಇಟ್ಟುಕೊಂಡಿದ್ದದ್ದು ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆ. ಆ ಗುಟ್ಟು ಏಪ್ರಿಲ್‌ನಲ್ಲಿ ಸೋರಿಹೋಗಿತ್ತು. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯ ಆಸ್ಪತ್ರೆ ಟ್ರಸ್ಟ್‌ಗಳಲ್ಲಿ ಮೂರನೇ ಒಂದು ಭಾಗಕ್ಕೆ ಬಿಸಿ ತಟ್ಟಿತು. ಸುಮಾರು 19 ಸಾವಿರ ರೋಗಿಗಳ ಭೇಟಿ ರದ್ದಾಯಿತು. ಒಟ್ಟು ನಷ್ಟ 92 ಮಿಲಿಯನ್ ಪೌಂಡ್ ಎಂದು ಅಲ್ಲಿನ ಆರೋಗ್ಯ ಇಲಾಖೆ ಆಮೇಲೆ ಲೆಕ್ಕ ಹಾಕಿತು. ನಮ್ಮ ನೆರೆಯ ಆಂಧ್ರಪ್ರದೇಶದಲ್ಲಿ ಪೊಲೀಸ್ ಇಲಾಖೆಯ ಕಂಪ್ಯೂಟರುಗಳೂ ಸಿಕ್ಕಿಬಿದ್ದವು.

ಎಕ್ಸ್‌ಪಿಯೇ ಇದಕ್ಕೆಲ್ಲ ಕಾರಣ ಎಂದು ಆಗ ಎಲ್ಲರೂ ಬೊಟ್ಟು ಮಾಡಿದರು. ತನಿಖೆಯ ನಂತರ ತಿಳಿದದ್ದು ಬೇರೆ. ಸಿಕ್ಕಿಬಿದ್ದ ಕಂಪ್ಯೂಟರುಗಳಲ್ಲಿ ಬಹುಪಾಲು ವಿಂಡೋಸ್ 7ರವು. ಅದಕ್ಕೆ ಸಪೋರ್ಟ್ ಇನ್ನೂ ಇತ್ತು, ಮಾರ್ಚ್ 14ರಂದೇ ಪ್ಯಾಚ್ ಬಂದಿತ್ತು, ಎರಡು ತಿಂಗಳಾದರೂ ಯಾರೂ ಹಾಕಿರಲಿಲ್ಲ. ಸಪೋರ್ಟ್ ಇದೆ ಎಂಬುದೇ ರಕ್ಷಣೆಯಾಗುವುದಿಲ್ಲ. ಬಂದ ಪ್ಯಾಚನ್ನು ಹಾಕುವ ಕೈ ಬೇಕು. ಹಾಗೆಯೇ, ಸಪೋರ್ಟ್ ಮುಗಿದಿದ್ದ ಎಕ್ಸ್‌ಪಿಗೂ ಮೈಕ್ರೊಸಾಫ್ಟ್ ಆ ವಾರ ತುರ್ತು ಪ್ಯಾಚ್ ಕೊಟ್ಟಿತು. ಅಂಥ ಔದಾರ್ಯವನ್ನು ನೆಚ್ಚಿಕೊಂಡು ವ್ಯಾಪಾರ ಮಾಡಲಾಗದು.

ಈಗ ವಿಂಡೋಸ್ 10ರ ಸರದಿ. 2015ರ ಜುಲೈ 29ರಂದು ಬಂದ ಅದರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅದೇ ದಿನ ಆಫೀಸ್ 2016 ಮತ್ತು 2019ರ ಬಾಗಿಲೂ ಮುಚ್ಚಿತು. ಈ ಸಲದ ತೊಡಕು ಬೇರೆ ಬಗೆಯದು. ವಿಂಡೋಸ್ 11 ಹಾಕಬೇಕಾದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಸರಿಸುಮಾರು ಎಂಟನೇ ತಲೆಮಾರಿನ ಪ್ರೊಸೆಸರ್ ಬೇಕು. 2017ಕ್ಕೆ ಹಿಂದಿನ ಕಂಪ್ಯೂಟರುಗಳು, ಎಷ್ಟೇ ಚೆನ್ನಾಗಿ ಓಡುತ್ತಿರಲಿ, ಹೆಚ್ಚುಕಡಿಮೆ ಎಲ್ಲವೂ ಹೊರಗುಳಿದವು. ದುಡ್ಡು ಕೊಟ್ಟರೆ ಭದ್ರತಾ ಪ್ಯಾಚ್ ಮಾತ್ರ ಮುಂದುವರಿಸುವ ವ್ಯವಸ್ಥೆ ಇದೆ. ಕಂಪನಿಗಳಿಗೆ ಮೊದಲ ವರ್ಷ ಒಂದು ಯಂತ್ರಕ್ಕೆ 61 ಡಾಲರ್. ಮರುವರ್ಷ ಅದರ ಎರಡರಷ್ಟು, ಮೂರನೇ ವರ್ಷ ಅದಕ್ಕೂ ಎರಡರಷ್ಟು. ಮೂರು ವರ್ಷಕ್ಕೆ 427 ಡಾಲರ್ ಆಯಿತು. ಆ ದುಡ್ಡಿಗೆ ಕಚೇರಿ ಕೆಲಸಕ್ಕೆ ಸಾಕಾಗುವ ಹೊಸ ಕಂಪ್ಯೂಟರೇ ಬರುತ್ತದೆ. ವರ್ಷ ಕಳೆದಂತೆ ಬೆಲೆ ದುಪ್ಪಟ್ಟಾಗುವುದರ ಅರ್ಥವೂ ಅದೇ: ಈ ದಾರಿ ಮೂಟೆ ಕಟ್ಟಿಕೊಳ್ಳಲು ಕೊಟ್ಟ ವ್ಯವಧಾನ, ಕಾಯಂ ಬಿಡಾರಕ್ಕೆ ಆಗದು.

ಫೋನ್ ಎತ್ತದ ವೆಂಡರ್

ಮೈಕ್ರೊಸಾಫ್ಟ್, ಅಡೋಬಿ ಕನಿಷ್ಠ ದಿನಾಂಕವನ್ನಾದರೂ ಹೇಳುತ್ತವೆ. ನಮ್ಮ ಊರುಗಳಲ್ಲಿ ಬಹಳ ಕಡೆ ಸಪೋರ್ಟ್ ಮುಗಿಯುವ ಬಗೆಯೇ ಬೇರೆ. ಪತ್ತಿನ ಸಂಘಕ್ಕೋ ಅಡಿಕೆ ಮಂಡಿಗೋ ಖಾಸಗಿ ಶಾಲೆಗೋ ಜಿಲ್ಲಾ ಕೇಂದ್ರದ ಯಾರೋ ಇಬ್ಬರು ಸೇರಿ ಪ್ರೋಗ್ರಾಮ್ ಬರೆದುಕೊಟ್ಟಿರುತ್ತಾರೆ. ವರ್ಷಕ್ಕಿಷ್ಟು ಎಂದು ಎಎಂಸಿ. ನಾಲ್ಕೈದು ವರ್ಷ ಕರೆದಾಗ ಬರುತ್ತಾರೆ. ಆಮೇಲೆ ಒಬ್ಬರು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರುತ್ತಾರೆ, ಇನ್ನೊಬ್ಬರು ಬೇರೆ ವ್ಯಾಪಾರಕ್ಕಿಳಿಯುತ್ತಾರೆ. ಫೋನ್ ರಿಂಗಾಗುತ್ತದೆ, ಯಾರೂ ಎತ್ತುವುದಿಲ್ಲ. ಬೆಂಬಲ ಮುಗಿದ ಪ್ರಕಟಣೆ ಅದೇ.

ಇಂಥ ಪ್ರೋಗ್ರಾಮುಗಳನ್ನು ಹೆಚ್ಚಾಗಿ ಬರೆಯುತ್ತಿದ್ದದ್ದು ಫಾಕ್ಸ್‌ಪ್ರೊದಲ್ಲಿ ಇಲ್ಲವೇ ವಿಶುವಲ್ ಬೇಸಿಕ್ 6ರಲ್ಲಿ. ವಿಶುವಲ್ ಬೇಸಿಕ್ 6ರ ಅಭಿವೃದ್ಧಿ ಪರಿಕರಕ್ಕೆ ಮೈಕ್ರೊಸಾಫ್ಟ್ ಬೆಂಬಲ ನಿಲ್ಲಿಸಿದ್ದು 2008ರ ಏಪ್ರಿಲ್‌ನಲ್ಲಿ. ವಿಶುವಲ್ ಫಾಕ್ಸ್‌ಪ್ರೊಗೆ 2015ರ ಜನವರಿಯಲ್ಲಿ. ಮೂಲ ಕೋಡ್ ಬರೆದವರ ಲ್ಯಾಪ್‌ಟಾಪಿನಲ್ಲಿತ್ತು, ಅದು ಗುಜರಿಗೆ ಹೋಯಿತು. ಸಂಘದ ಬಳಿ ಇರುವುದು ಒಂದು ಓಡುವ ಫೈಲು ಮತ್ತು ಪಾಸ್‌ವರ್ಡ್ ಬರೆದಿಟ್ಟ ಚೀಟಿ.

ಕೇಂದ್ರ ಸಚಿವ ಸಂಪುಟ 2022ರ ಜೂನ್‌ನಲ್ಲಿ ದೇಶದ 63 ಸಾವಿರ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಒಂದೇ ತಂತ್ರಾಂಶದ ಅಡಿ ತರುವ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ನಬಾರ್ಡ್ ಅದರ ಹೊಣೆ ಹೊತ್ತಿದೆ. ಒಂದೊಂದು ಸಂಘಕ್ಕೆ ಒಂದೊಂದು ವೆಂಡರ್ ಎಂಬ ಪಾಡು ತಪ್ಪಿಸಲು ಇದು ಒಳ್ಳೆಯ ದಾರಿಯೇ. ಆದರೆ ಇಂಥ ಬದಲಾವಣೆಯಲ್ಲಿ ಕಂಪ್ಯೂಟರ್ ತಂದಿಡುವುದು ಸಲೀಸು. ಬೆವರು ಹರಿಯುವುದು ಹಳೇ ಲೆಕ್ಕವನ್ನು ಹೊಸದಕ್ಕೆ ಕೂರಿಸುವಾಗ. ಒಬ್ಬನೇ ಸದಸ್ಯ ಷೇರು ಪಟ್ಟಿಯಲ್ಲಿ ಇನಿಷಿಯಲ್ ಮುಂದಿಟ್ಟುಕೊಂಡಿರುತ್ತಾನೆ, ಸಾಲದ ಪಟ್ಟಿಯಲ್ಲಿ ಹಿಂದಿಟ್ಟುಕೊಂಡಿರುತ್ತಾನೆ, ಠೇವಣಿಯಲ್ಲಿ ಅಪ್ಪನ ಹೆಸರನ್ನೂ ಸೇರಿಸಿರುತ್ತಾನೆ. ಯಂತ್ರಕ್ಕೆ ಅವರು ಮೂವರು. ಮಾರ್ಚ್ 31ರ ಕೊನೆ ಶಿಲ್ಕು ಏಪ್ರಿಲ್ 1ರ ಆರಂಭ ಶಿಲ್ಕಿಗೆ ಪೈಸೆ ಪೈಸೆ ತಾಳೆಯಾಗಬೇಕು. ತಾಳೆ ನೋಡಬಲ್ಲವರು ಆ ಊರಿನ ಸದಸ್ಯರನ್ನು ಮುಖ ನೋಡಿ ಗುರುತಿಸುವ ಸಂಘದ ಕಾರ್ಯದರ್ಶಿಯೇ ಹೊರತು ರಾಜಧಾನಿಯ ಎಂಜಿನಿಯರ್ ಅಲ್ಲ.

ಬ್ಯಾಂಕುಗಳ ವಿಚಾರದಲ್ಲಿ ರಿಸರ್ವ್ ಬ್ಯಾಂಕ್ ವೆಂಡರ್ ಕಣ್ಮರೆಯಾಗುವ ತೊಂದರೆಗೂ ಮದ್ದು ಹೇಳಿದೆ. ಮುಖ್ಯ ತಂತ್ರಾಂಶಗಳ ಮೂಲ ಕೋಡನ್ನು ವೆಂಡರ್‌ನಿಂದ ಪಡೆದಿರಬೇಕು. ಆತ ಕೊಡಲೊಪ್ಪದಿದ್ದರೆ ಅದನ್ನು ಮೂರನೆಯವರ ವಶದಲ್ಲಿ ಇಡಿಸುವ ಎಸ್ಕ್ರೊ ಏರ್ಪಾಡು ಮಾಡಿಕೊಳ್ಳಬೇಕು. ವೆಂಡರ್ ಬಾಗಿಲು ಹಾಕಿದರೆ ಕೋಡ್ ಗ್ರಾಹಕರ ಕೈಗೆ ಬರುತ್ತದೆ. ಸಣ್ಣ ಸಂಸ್ಥೆಗೆ ಎಸ್ಕ್ರೊ ದುಬಾರಿ ಎನಿಸಬಹುದು. ಕರಾರಿನಲ್ಲಿ ‘ಬೆಂಬಲ ನಿಲ್ಲಿಸಿದರೆ ಮೂಲ ಕೋಡ್ ಒಪ್ಪಿಸತಕ್ಕದ್ದು’ ಎಂಬ ಒಂದು ಸಾಲು ಬರೆಸಲು ಖರ್ಚೇನಿಲ್ಲ.

ದಾಖಲೆಯ ಆಯಸ್ಸು

ಕಂಪನಿ ಕಾಯ್ದೆ 2013ರ ಪ್ರಕಾರ ಕಂಪನಿಗಳು ಲೆಕ್ಕಪುಸ್ತಕಗಳನ್ನು ಕನಿಷ್ಠ ಎಂಟು ಹಣಕಾಸು ವರ್ಷ ಕಾಪಾಡಬೇಕು. ಜಿಎಸ್‌ಟಿ ಕಾಯ್ದೆ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೇ ದಿನದಿಂದ 72 ತಿಂಗಳು ಎನ್ನುತ್ತದೆ. ವ್ಯಾಜ್ಯ ನಡೆಯುತ್ತಿದ್ದರೆ ಇನ್ನೂ ಹೆಚ್ಚು. ಕಾನೂನಿಗೆ ಬೇಕಿರುವುದು ದಾಖಲೆ. ಅದನ್ನು ತೆರೆಯುವ ತಂತ್ರಾಂಶ ಈಗಲೂ ಮಾರುಕಟ್ಟೆಯಲ್ಲಿದೆಯೇ ಎಂದು ತೆರಿಗೆ ಅಧಿಕಾರಿ ಕೇಳುವುದಿಲ್ಲ.

ಕೆಲವೊಮ್ಮೆ ಕಾನೂನೇ ತಂತ್ರಾಂಶಕ್ಕೆ ಕೊನೆ ಬರೆಯುತ್ತದೆ. 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಲೆಕ್ಕದ ತಂತ್ರಾಂಶದಲ್ಲಿ ಆಡಿಟ್ ಟ್ರೇಲ್ ಇರಲೇಬೇಕೆಂಬ ನಿಯಮ ಬಂತು. ಯಾವ ನಮೂದನ್ನು ಯಾವ ದಿನ ತಿದ್ದಲಾಯಿತು ಎಂಬ ದಾಖಲೆ ಅಳಿಸಲಾಗದಂತೆ ಉಳಿಯಬೇಕು. ಹಳೇ ಆವೃತ್ತಿಗಳನ್ನು ‘ಇದು ಸಾಕು’ ಎಂದು ಬಳಸುತ್ತಿದ್ದ ಕಂಪನಿಗಳೆಲ್ಲ ಆಗ ಎದ್ದು ಓಡಬೇಕಾಯಿತು. ಟ್ಯಾಲಿಯ ಮಟ್ಟಿಗೆ, 2009ರಲ್ಲಿ ಬಂದ ಇಆರ್‌ಪಿ 9ರ ಜಾಗಕ್ಕೆ 2020ರ ನವೆಂಬರ್‌ನಲ್ಲಿ ಟ್ಯಾಲಿ ಪ್ರೈಮ್ ಬಂದಾಗಿತ್ತು, ದಾಟಿದ್ದವರು ನಿಶ್ಚಿಂತೆಯಿಂದಿದ್ದರು.

ತಂತ್ರಾಂಶ ಬದಲಿಸುವಾಗ ಹಳೆಯದರಿಂದ ಎರಡು ಪ್ರತಿ ಹೊರತೆಗೆದಿಡುವುದು ಒಳ್ಳೆಯದು. ಹೊಸ ತಂತ್ರಾಂಶಕ್ಕೆ ಹಾಕಲು ಎಕ್ಸೆಲ್ ಅಥವಾ ಸಿಎಸ್‌ವಿ ರೂಪದ್ದು ಒಂದು. ಮನುಷ್ಯರು ಓದಲು ಪಿಡಿಎಫ್ ರೂಪದ್ದು ಇನ್ನೊಂದು: ವರ್ಷವಾರು ಡೇಬುಕ್, ಲೆಡ್ಜರ್, ಟ್ರಯಲ್ ಬ್ಯಾಲೆನ್ಸ್, ಸ್ಟಾಕ್ ಪಟ್ಟಿ. ಸಿಎಸ್‌ವಿ ಎಂದರೆ ಅಲ್ಪವಿರಾಮಗಳಿಂದ ಬೇರ್ಪಟ್ಟ ಬರೀ ಅಕ್ಷರ, ಅಂಕಿ. ಅದನ್ನು ತೆರೆಯಲು ಯಾವ ಕಂಪನಿಯ ಅಪ್ಪಣೆಯೂ ಬೇಡ. ಕನ್ನಡದ ಹೆಸರು, ವಿವರಗಳಿದ್ದರೆ ಅವು ಯೂನಿಕೋಡಿನಲ್ಲಿವೆಯೇ ಎಂದು ನೋಡಿಕೊಳ್ಳಿ. ಹಳೇ ನುಡಿ ಫಾಂಟಿನ ಪಠ್ಯವಾದರೆ ಪರಿವರ್ತಕಗಳು ಉಚಿತವಾಗಿಯೇ ಸಿಗುತ್ತವೆ. ಪರಿವರ್ತನೆಯ ನಂತರ ಒತ್ತಕ್ಷರ, ಅರ್ಕಾವತ್ತುಗಳನ್ನು ಕಣ್ಣಾಡಿಸಿ ಸರಿಪಡಿಸುವ ಕೆಲಸ ಮಾತ್ರ ಕೈಯಿಂದಲೇ ಆಗಬೇಕು.

ಮೊಂಡುತನ, ಮುಗ್ಗರಿಕೆ

ತಿಳಿದೂ ತಿಳಿದೂ ಸುಮ್ಮನಿರುವುದರಲ್ಲಿ ದೊಡ್ಡವರೂ ಹಿಂದೆ ಬಿದ್ದಿಲ್ಲ. ಬ್ರೌಸರಿನೊಳಗೆ ಓಡುವ ಫ್ಲ್ಯಾಶ್ ತಂತ್ರಾಂಶವನ್ನು 2020ರ ಕೊನೆಗೆ ನಿಲ್ಲಿಸುತ್ತೇವೆಂದು ಅಡೋಬಿ 2017ರ ಜುಲೈನಲ್ಲೇ ಹೇಳಿತ್ತು. ಮೂರೂವರೆ ವರ್ಷದ ಮುನ್ಸೂಚನೆ ಅದು. ದಕ್ಷಿಣ ಆಫ್ರಿಕಾದ ತೆರಿಗೆ ಇಲಾಖೆಯ ಕೆಲವು ಆನ್‌ಲೈನ್ ನಮೂನೆಗಳು ಅಷ್ಟು ಹೊತ್ತಿಗೂ ಫ್ಲ್ಯಾಶ್ ಬಿಟ್ಟಿರಲಿಲ್ಲ. 2021ರ ಜನವರಿಯಲ್ಲಿ ಅವು ನಿಂತವು. ಇಲಾಖೆ ಮಾಡಿದ್ದೇನು? ಫ್ಲ್ಯಾಶ್ ಓಡಿಸಲೆಂದೇ ತನ್ನದೊಂದು ಬ್ರೌಸರ್ ತಯಾರಿಸಿ, ತೆರಿಗೆದಾರರಿಗೆ ಇಳಿಸಿಕೊಳ್ಳಿ ಎಂದಿತು.

ಅತ್ತ ಬ್ರಿಟನ್ನಿನ ಬರ್ಮಿಂಗ್‌ಹ್ಯಾಮ್ ನಗರಾಡಳಿತದ್ದು ಮುಗ್ಗರಿಸಿದ ಕಥೆ. ತನ್ನ ಲೆಕ್ಕಕ್ಕೆ 1999ರಿಂದ ಬಳಸುತ್ತಿದ್ದ ಎಸ್‌ಎಪಿಯನ್ನು ಬಿಟ್ಟು ಅದು 2022ರ ಏಪ್ರಿಲ್‌ನಲ್ಲಿ ಒರಾಕಲ್‌ಗೆ ದಾಟಿತು. ಹೊಸ ತಂತ್ರಾಂಶದ ಪದ್ಧತಿಗೆ ತಾನು ಒಗ್ಗಿಕೊಳ್ಳುವ ಬದಲು ತನ್ನ ಹಳೇ ಪದ್ಧತಿಗೆ ತಕ್ಕಂತೆ ಅದನ್ನೇ ತಿದ್ದಿಸಿತು. ಹಾಗೆ ತಿದ್ದಿಸಿದ ಬ್ಯಾಂಕ್ ತಾಳೆಪಟ್ಟಿಯ ಭಾಗವೇ ಕೈಕೊಟ್ಟಿತು. ಎಷ್ಟು ಹಣ ಬಂತು, ಎಷ್ಟು ಹೋಯಿತು ಎಂದು ನಗರಾಡಳಿತಕ್ಕೇ ತಿಳಿಯದ ಸ್ಥಿತಿ. ಮೊದಲಿಗೆ 19 ಮಿಲಿಯನ್ ಪೌಂಡ್ ಎಂದಿದ್ದ ಖರ್ಚು 100 ಮಿಲಿಯನ್ ದಾಟುವ ಅಂದಾಜಿಗೆ ಏರಿತು. 2023ರ ಸೆಪ್ಟೆಂಬರ್‌ನಲ್ಲಿ ನಗರಾಡಳಿತ ತನ್ನ ಖಜಾನೆ ಬರಿದೆಂದು ಘೋಷಿಸಿತು. ಸಮಾನ ವೇತನದ ಬಾಕಿ ದೊಡ್ಡ ಕಾರಣವಾದರೆ ಈ ತಂತ್ರಾಂಶದ ವೆಚ್ಚವೂ ಅದರ ಜೊತೆ ಸೇರಿತ್ತು.

ಎಸ್‌ಎಪಿಯ ಹಳೇ ಇಸಿಸಿ ತಂತ್ರಾಂಶವನ್ನು ಇನ್ನೂ ನೆಚ್ಚಿಕೊಂಡಿರುವ ಕಂಪನಿಗಳಿಗೆ ಈ ಕಥೆ ಪಾಠವಾಗಬೇಕು. ಅದರ ಇತ್ತೀಚಿನ ಆವೃತ್ತಿಗಳ ಸಾಮಾನ್ಯ ಬೆಂಬಲ 2027ರ ಕೊನೆಗೆ ಮುಗಿಯುತ್ತದೆ. ಹೆಚ್ಚು ಹಣ ತೆತ್ತರೆ 2030ರವರೆಗೆ. 2015ರಲ್ಲಿ ಬಂದ ಎಸ್/4 ಹಾನಾಗೆ ಎಲ್ಲರೂ ದಾಟಬೇಕು. ಬೆಂಗಳೂರಿನ ಸಾವಿರಾರು ಎಂಜಿನಿಯರ್‌ಗಳ ಇಂದಿನ ಅನ್ನ ಈ ದಾಟಿಸುವ ಕೆಲಸದಲ್ಲೇ ಇದೆ. ಇಸವಿ 2000ದ ವೈಟುಕೆ ತೊಡಕನ್ನು ಬಗೆಹರಿಸುತ್ತ ಬೆಳೆದ ನಗರಕ್ಕೆ ಇದು ಹೊಸದೇನೂ ಅಲ್ಲ. ಗಡುವು ಹತ್ತಿರವಾದಷ್ಟೂ ಅನುಭವಸ್ಥರ ದರ ಏರುತ್ತದೆ ಎಂಬುದು ಈ ನಗರಕ್ಕೆ ಚೆನ್ನಾಗಿ ಗೊತ್ತು. ಕಾದು ಕುಳಿತ ಗ್ರಾಹಕರಿಗೂ ಅದು ಗೊತ್ತಿರಬೇಕು.

ಮುಕ್ತ ತಂತ್ರಾಂಶ ಹಾಕಿಕೊಂಡರೆ ಈ ಗೋಳಿಲ್ಲ ಎನ್ನುವವರುಂಟು. ಅರ್ಧ ನಿಜ. ಕೋಡ್ ಎಲ್ಲರ ಕೈಯಲ್ಲಿರುವುದರಿಂದ ಮುಂದುವರಿಸುವವರು ಸಿಗಬಹುದು. ದಿನಾಂಕದ ಗ್ಯಾರಂಟಿ ಅಲ್ಲೂ ಇಲ್ಲ. ಸರ್ವರ್‌ಗಳಲ್ಲಿ ಜನಪ್ರಿಯವಾಗಿದ್ದ ಸೆಂಟ್‌ಒಎಸ್ 8ಕ್ಕೆ 2029ರವರೆಗೆ ಅಪ್‌ಡೇಟ್ ಬರುವುದೆಂದು ನಂಬಿ ಜನ ಹಾಕಿಕೊಂಡಿದ್ದರು. 2020ರ ಡಿಸೆಂಬರಿನಲ್ಲಿ ದಿಢೀರನೆ, 2021ರ ಕೊನೆಗೇ ನಿಲ್ಲಿಸುತ್ತೇವೆಂಬ ಪ್ರಕಟಣೆ ಬಂತು. ಆಲ್ಮಾ, ರಾಕಿ ಎಂಬ ಪರ್ಯಾಯಗಳು ಹುಟ್ಟಿಕೊಂಡದ್ದರಿಂದ ಬಳಕೆದಾರರು ಬದುಕಿದರು. ಮುಚ್ಚಿದ ತಂತ್ರಾಂಶದಲ್ಲಿ ಹಾಗೆ ಹುಟ್ಟಿಕೊಳ್ಳಲು ಅವಕಾಶವಿಲ್ಲ. ಸರ್ವರ್ ತಂತ್ರಾಂಶದ ವಿಎಂವೇರ್ ಕಂಪನಿಯನ್ನು ಬ್ರಾಡ್‌ಕಾಮ್ 2023ರ ನವೆಂಬರ್‌ನಲ್ಲಿ ಕೊಂಡು, ಮರುತಿಂಗಳೇ ಶಾಶ್ವತ ಲೈಸೆನ್ಸ್ ಮಾರಾಟ ನಿಲ್ಲಿಸಿತು. ಲೈಸೆನ್ಸ್ ಶಾಶ್ವತವಾಗಿಯೇ ಉಳಿಯಿತು. ಅದಕ್ಕೆ ಪ್ರತ್ಯೇಕವಾಗಿ ಸಪೋರ್ಟ್ ನವೀಕರಿಸುವ ದಾರಿ ಮುಚ್ಚಿತು.

ಹಾಗಾದರೆ ಮಾಡಬೇಕಾದ್ದೇನು?

ಮೊದಲು ಪಟ್ಟಿ. ಒಂದು ಹಾಳೆಯಲ್ಲಿ ಐದು ಕಾಲಂ ಎಳೆಯಿರಿ: ತಂತ್ರಾಂಶದ ಹೆಸರು, ಆವೃತ್ತಿ, ಅದನ್ನು ಬಳಸುವ ಕೆಲಸ, ಸಪೋರ್ಟ್ ಮುಗಿಯುವ ದಿನ, ತೊಂದರೆಯಾದರೆ ಫೋನ್ ಮಾಡಬೇಕಾದವರು. ವಿಂಡೋಸ್, ಆಫೀಸ್, ಲೆಕ್ಕದ ಪ್ರೋಗ್ರಾಮ್, ಅದರ ಹಿಂದಿರುವ ಡೇಟಾಬೇಸ್, ಬಯೊಮೆಟ್ರಿಕ್ ಹಾಜರಿ ಯಂತ್ರ, ಸಿಸಿಟಿವಿ ಪೆಟ್ಟಿಗೆ ಎಲ್ಲವೂ ಬರಲಿ. ಡೇಟಾಬೇಸನ್ನು ಮರೆಯುವವರೇ ಹೆಚ್ಚು. ಎಸ್‌ಕ್ಯುಎಲ್ ಸರ್ವರ್ 2014ರ ಬೆಂಬಲ 2024ರ ಜುಲೈನಲ್ಲೇ ಮುಗಿದಿದೆ, 2016ರದ್ದಕ್ಕೆ 2026ರ ಜುಲೈ 14 ಕೊನೆ. ದಿನಾಂಕ ಖಾಲಿ ಉಳಿದ ಸಾಲುಗಳೇ ನಿಮ್ಮ ಮೊದಲ ಚಿಂತೆಯಾಗಲಿ.

ಪ್ರತಿ ಸಾಲಿಗೂ ದಾರಿ ಮೂರೇ. ಅದೇ ಕಂಪನಿಯ ಹೊಸ ಆವೃತ್ತಿಗೆ ಹೋಗುವುದು. ಬೇರೆ ಕಂಪನಿಯದಕ್ಕೆ ದಾಟುವುದು. ಎರಡೂ ಸದ್ಯಕ್ಕೆ ಆಗದಿದ್ದರೆ ನೆಟ್‌ವರ್ಕಿನಿಂದ ಕಿತ್ತು ಪ್ರತ್ಯೇಕವಾಗಿ ಇಡುವುದು. ಲಕ್ಷಾಂತರ ರೂಪಾಯಿಯ ಲೇತ್, ಸ್ಕ್ಯಾನಿಂಗ್ ಯಂತ್ರಗಳ ಜೊತೆ ಬಂದ ಹಳೇ ಕಂಪ್ಯೂಟರಿಗೆ ಮೂರನೆಯದೇ ಗತಿ. ಹಾಗೆ ಇಟ್ಟದ್ದಕ್ಕೆ ಕಂಡಕಂಡ ಪೆನ್‌ಡ್ರೈವ್ ಚುಚ್ಚಿದರೆ ಪ್ರತ್ಯೇಕ ಇಟ್ಟೂ ಫಲವಿಲ್ಲ. ನಾಲ್ಕನೆಯ ದಾರಿ, ‘ನೋಡೋಣ ಬಿಡಿ’, ಎಲ್ಲರೂ ಹಿಡಿಯುವಂಥದ್ದು. ಅದರ ಖರ್ಚು ಕೊನೆಗೆ ತಿಳಿಯುತ್ತದೆ.

ದಾಟುವ ಕೆಲಸಕ್ಕೆ ಮಾರ್ಚ್ ತಿಂಗಳು, ರಿಟರ್ನ್ ಸಲ್ಲಿಸುವ ವಾರ, ಹಬ್ಬದ ವ್ಯಾಪಾರದ ಕಾಲ ಬೇಡ. ಕನಿಷ್ಠ ಒಂದು ಪೂರ್ತಿ ತಿಂಗಳು ಹಳೆಯದರಲ್ಲೂ ಹೊಸದರಲ್ಲೂ ಒಟ್ಟಿಗೆ ಲೆಕ್ಕ ಬರೆಯಿರಿ. ಸಿಬ್ಬಂದಿ ಗೊಣಗುತ್ತಾರೆ, ಗೊಣಗಲಿ. ತಿಂಗಳ ಕೊನೆಗೆ ಎರಡರ ಟ್ರಯಲ್ ಬ್ಯಾಲೆನ್ಸ್ ಒಂದೇ ಬಂದರೆ ಮಾತ್ರ ಹಳೆಯದನ್ನು ಮುಚ್ಚಿ. ಬ್ಯಾಕಪ್ ತೆಗೆದಿದ್ದೇವೆ ಎಂಬ ಮಾತನ್ನೂ ಹಾಗೇ ನಂಬಬೇಡಿ. ಬೇರೊಂದು ಕಂಪ್ಯೂಟರಿನಲ್ಲಿ ಅದನ್ನು ತೆರೆದು ಕಳೆದ ವರ್ಷದ ಯಾವುದಾದರೂ ಒಂದು ಬಿಲ್ ತೋರಿಸಿ ಎನ್ನಿ. ಆ ಬಿಲ್ ಕಂಡರೆ ಬ್ಯಾಕಪ್ ಇದೆ. ಕಾಣದಿದ್ದರೆ ಇಲ್ಲ.

ಹೊಸದಾಗಿ ಕೊಳ್ಳುವವರು ವೆಂಡರ್‌ನ ಡೆಮೊ ನೋಡಿ ಮರುಳಾಗುವ ಮೊದಲು ನಾಲ್ಕು ಪ್ರಶ್ನೆ ಕೇಳಬೇಕು. ಈ ಆವೃತ್ತಿಗೆ ಯಾವ ದಿನದವರೆಗೆ ಬೆಂಬಲ? ನಿಲ್ಲಿಸುವುದಾದರೆ ಎಷ್ಟು ತಿಂಗಳ ಮುಂಚಿತ ನೋಟಿಸ್? ನನ್ನ ಡೇಟಾ ಪೂರ್ತಿ ನನಗೆ ಯಾವ ರೂಪದಲ್ಲಿ ವಾಪಸ್ ಸಿಗುತ್ತದೆ, ಅದಕ್ಕೆ ಬೇರೆ ದುಡ್ಡು ಕೊಡಬೇಕೇ? ನೀವು ಅಂಗಡಿ ಮುಚ್ಚಿದರೆ ಕೋಡ್ ಯಾರ ಬಳಿ ಇರುತ್ತದೆ? ಕ್ಲೌಡಿನಲ್ಲಿ ಓಡುವ, ತಿಂಗಳ ಬಾಡಿಗೆಯ ತಂತ್ರಾಂಶಕ್ಕೆ ಮೂರನೇ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ. ಅಲ್ಲಿ ಹಳೇ ಕಂಪ್ಯೂಟರನ್ನು ಮೂಲೆಯಲ್ಲಿಟ್ಟು ಬಳಸುವ ಅವಕಾಶವೂ ಇಲ್ಲ. ಕಂಪನಿ ಸರ್ವರ್ ಆರಿಸಿದ ದಿನ ತೆರೆ ಖಾಲಿ.

ಈ ಪ್ರಶ್ನೆಗಳಿಗೆ ಬಾಯಿಮಾತಿನ ಉತ್ತರ ಸಾಲದು, ಬರಹದಲ್ಲಿ ಪಡೆಯಿರಿ. ಉತ್ತರ ಕೊಡಲು ಹಿಂಜರಿಯುವ ವೆಂಡರ್‌ನಿಂದ ತಂತ್ರಾಂಶ ಎಷ್ಟೇ ಅಗ್ಗವಾದರೂ ಕೊಳ್ಳಬೇಡಿ. ಈಗಾಗಲೇ ಕೊಂಡಿದ್ದರೆ, ಅಂಗಡಿಯ ಟ್ರೇಡ್ ಲೈಸೆನ್ಸ್, ವಾಹನದ ಎಫ್‌ಸಿ, ವಿಮೆಯ ನವೀಕರಣ ಬರೆದಿಡುವ ಅದೇ ಡೈರಿಯಲ್ಲಿ ತಂತ್ರಾಂಶದ ಕೊನೆಯ ದಿನವನ್ನೂ ಬರೆಯಿರಿ. ಅದಕ್ಕೆ ಒಂದೂವರೆ ವರ್ಷ ಹಿಂದಿನ ಪುಟದಲ್ಲಿ ಇನ್ನೊಂದು ಸಾಲು ಬರೆಯಿರಿ: ‘ಈ ತಿಂಗಳು ಕೆಲಸ ಶುರು ಮಾಡಬೇಕು.’